ದೊಡ್ಡಪ್ಪನ ಮಣ್ಣು

ನಮ್ಮ ಕಾರಿನ ಹಿಂದಿನ ಸೀಟಿನ ಸಂದಿಯಿಂದ ಇನ್ನೂ ಚೆಂಡುಹೂವಿನ ಎಸಳು ಬರುತ್ತಿವೆ. ಹೋದ ವಾರ ಕಾರು ತೊಳೆಯುವವನು ಅಂಗೈ ತುಂಬ ಒಣಗಿದ ಎಸಳು ಹಿಡಿದುಕೊಂಡು ಬಂದು, "ಸಾರ್, ಗಾಡಿ ಪೂಜೆ ಜೋರಾಗಿ ಮಾಡ್ಸಿದಂಗೈತೆ" ಎಂದ. ಹೌದಪ್ಪ ಎಂದೆ. ಅದು ಹೆಣಕ್ಕೆಂದು ಕಟ್ಟಿಸಿದ ಹಾರ, ಆದರೆ ಅಲ್ಲಿ ಹೆಣವೇ ಇರಲಿಲ್ಲ, ಹೆಣವಾಗಬೇಕಿದ್ದ ಮನುಷ್ಯ ಅವತ್ತು ಮುದ್ದೆ ಉಂಡು ಮೇಲೆ ಚೊಂಬು ಮಜ್ಜಿಗೆ ಕುಡಿದ ಎಂದೆಲ್ಲ ವಿವರಿಸಲು ಹೋದರೆ ಅವನ ಅರ್ಧ ದಿನದ ಕೆಲಸ ಕೆಡುತ್ತಿತ್ತು. ನಿಮಗಾದರೆ ಹೇಳಬಹುದು. ನಿಮಗೆ ಪುರುಸೊತ್ತಿದೆ, ಇಲ್ಲದಿದ್ದರೆ ಇಂಥದ್ದನ್ನು ಓದಲು ಕೂರುತ್ತಿರಲಿಲ್ಲ.

ಎಲ್ಲದಕ್ಕೂ ಕಾರಣ ಮಣ್ಣು. ಮಣ್ಣು ಎಂಬ ಪದಾರ್ಥವೋ, ಮಣ್ಣು ಎಂಬ ಪದವೋ ಎಂದು ಕೇಳಿದರೆ ನನಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ.

ನಾನು ಚಿತ್ರದುರ್ಗದಲ್ಲಿ ಆಹ್ವಾನ ಪತ್ರಿಕೆ ಅಚ್ಚು ಹಾಕಿಕೊಡುವ ಸಣ್ಣ ಅಂಗಡಿಯವನು. ಮದುವೆ, ಗೃಹಪ್ರವೇಶ, ನಾಮಕರಣ, ಹಾಗೆಯೇ ಸತ್ತವರ ಕಾರ್ಯದ ಕಾರ್ಡು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಬಂದವರೆಲ್ಲ ಗುಂಡಿಗೆ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಕಾರ್ಡಿನಲ್ಲಿ ಅದಕ್ಕೆ ಅಂತ್ಯಕ್ರಿಯೆ ಎಂದು ಅಕ್ಷರ ಕೂಡಿಸಿಕೊಡುತ್ತೇನೆ. ಬಾಯಿಮಾತಿನಲ್ಲಿ ಮಾತ್ರ ಅದಕ್ಕೆ ಮಣ್ಣು ಎಂದೇ ಹೆಸರು. "ಮಣ್ಣು ಎಷ್ಟೊತ್ತಿಗೆ?" ಎಂದು ಫೋನಿನಲ್ಲಿ ಕೇಳಿದರೆ ಯಾರೋ ಹೋದರು ಎಂದರ್ಥ. "ನಮ್ಮ ಮಾವನ ಮಣ್ಣಿಗೆ ನೀನು ಬರಲಿಲ್ಲ" ಎಂದರೆ ಜನ್ಮದುದ್ದಕ್ಕೂ ಹೊರಬೇಕಾದ ದೂರು. ಇಷ್ಟೆಲ್ಲ ಗೊತ್ತಿದ್ದೂ, ಇದೇ ಪದಗಳನ್ನು ಕೂಡಿಸಿ ಹೊಟ್ಟೆ ಹೊರೆಯುವ ನಾನು ಆ ತಪ್ಪು ಮಾಡಿದೆನಲ್ಲ ಎಂಬುದೇ ನಮ್ಮ ಮನೆಯವರಿಗೆ ಇನ್ನೂ ನಗು ತರಿಸುವ ಸಂಗತಿ.

ನಮ್ಮಪ್ಪ ಮತ್ತು ದೊಡ್ಡಪ್ಪ ಮಾತು ಬಿಟ್ಟದ್ದೂ ಮಣ್ಣಿಗಾಗಿಯೇ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ ನಮ್ಮದು ಗುಡ್ಡದ ಇಳಿಜಾರಿನ ಹೊಲ. ಪಾಲಾದಾಗ ಮೇಲಿನದು ದೊಡ್ಡಪ್ಪನಿಗೆ ಬಂತು, ಕೆಳಗಿನದು ಅಪ್ಪನಿಗೆ. ನಡುವೆ ಒಂದು ಬದು. ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ದೊಡ್ಡಪ್ಪ ತನ್ನ ಹೊಲದಲ್ಲಿ ಕುರಿ ನಿಲ್ಲಿಸಿದ. ಕುರುಬರು ತಮ್ಮ ಮಂದೆಯನ್ನು ರಾತ್ರಿ ಹೊತ್ತು ಒಬ್ಬರ ಹೊಲದಲ್ಲಿ ತಂಗಿಸುತ್ತಾರೆ. ಬೆಳಗಾಗುವಷ್ಟರಲ್ಲಿ ನೆಲದ ತುಂಬ ಹಿಕ್ಕೆ, ಗಂಜಲ. ಅದಕ್ಕಿಂತ ದೊಡ್ಡ ಗೊಬ್ಬರ ಇಲ್ಲವೆಂದು ನಮ್ಮ ಕಡೆ ನಂಬಿಕೆ. ಕುರುಬರಿಗೆ ಊಟ ಹಾಕಿ, ಕಾಳು ಅಳೆದುಕೊಟ್ಟು, ದೊಡ್ಡಪ್ಪ ಮೀಸೆ ತಿರುವಿಕೊಂಡು ಕೂತಿದ್ದ. ಆಗ ಬಂತು ನೋಡಿ ಮಳೆ. ಗುಡ್ಡದ ನೀರೆಲ್ಲ ಒಟ್ಟಾಗಿ ಇಳಿದು ಬದು ಒಡೆದು, ಹಿಕ್ಕೆಯೂ ಅದರ ಕೆಳಗಿನ ಹದವಾದ ಮಣ್ಣೂ ಒಂದೇ ರಾತ್ರಿಯಲ್ಲಿ ಅಪ್ಪನ ಹೊಲಕ್ಕೆ ಹೋಗಿ ಮಲಗಿದವು. ಆ ವರ್ಷ ಅಪ್ಪನ ರಾಗಿ ಎದೆಯೆತ್ತರ ನಿಂತಿತು. ದೊಡ್ಡಪ್ಪನದು ಮೊಣಕಾಲು ದಾಟಲಿಲ್ಲ.

"ಗೊಬ್ಬರ ನಂದು, ಬೆಳೆ ನಿಂದಾ?" ಎಂದು ದೊಡ್ಡಪ್ಪ ಬದುವಿನ ಮೇಲೆ ನಿಂತು ಕೇಳಿದ.

ಅಪ್ಪ ಸುಮ್ಮನಿರಬಹುದಿತ್ತು. "ನಾನೇನ್ ಹೊತ್ಕಂಡ್ ಬಂದ್ನಾ? ಮಳೇನ ಕೇಳು" ಎಂದ.

ಕಣದಿಂದ ಒಂದು ಚೀಲ ರಾಗಿ ಕಳಿಸಿದ. ಚೀಲ ಕಟ್ಟಿದ ಹುರಿ ಬಿಚ್ಚದೆ ವಾಪಸ್ಸು ಬಂತು. ಅಲ್ಲಿಂದೀಚೆಗೆ ಅಪ್ಪನ ಬಾಯಲ್ಲಿ ದೊಡ್ಡಪ್ಪ "ಮೇಲಿನ ಹೊಲದೋನು" ಆದ. ದೊಡ್ಡಪ್ಪನ ಬಾಯಲ್ಲಿ ಅಪ್ಪ "ಕೆಳಗಿನ ಹೊಲದೋನು." ನನ್ನ ಮದುವೆಗೆ ದೊಡ್ಡಪ್ಪ ಬಂದ, ಅಕ್ಕಿಕಾಳು ಹಾಕಿದ, ಉಂಡ, ಅಪ್ಪನಿಗೆ ಹೇಳಬೇಕಾದ್ದನ್ನೆಲ್ಲ ನನ್ನ ಮೂಲಕವೇ ಹೇಳಿಸಿದ. ಮದುಮಗನಾಗಿದ್ದ ನಾನು ಬಾಸಿಂಗ ಕಟ್ಟಿಕೊಂಡು, ಇಬ್ಬರ ನಡುವೆ ಸಾರಿಗೆ ಉಪ್ಪು ಸಾಲದು ಎಂಬ ಸುದ್ದಿ ಸಾಗಿಸುತ್ತಿದ್ದೆ. ಈಗ ಇಬ್ಬರೂ ಎಪ್ಪತ್ತು ದಾಟಿದವರು. ಒಬ್ಬ ಕೆಮ್ಮಿದರೆ ನನಗೆ ಇನ್ನೊಬ್ಬನ ನೆನಪಾಗಿ ಜೀವ ಹಾರುತ್ತದೆ. ಮಾತಾಡದೆಯೇ ಒಬ್ಬರು ಹೋಗಿಬಿಟ್ಟರೆ ಉಳಿದವರನ್ನು ಸಮಾಧಾನ ಮಾಡುವ ಪಾಡು ಯಾರಿಗೆ ಬರುತ್ತದೆ, ಹೇಳಿ? ನನಗೇ.

ಚಿಂತೆ ಮಾಡುವುದು ನನಗೆ ಈ ವಯಸ್ಸಿನಲ್ಲಿ ಬಂದ ಕಾಯಿಲೆಯಲ್ಲ. ದುರ್ಗದ ಹಾಸ್ಟೆಲಿನಲ್ಲಿದ್ದು ಓದಿದ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು, ಬಂಡೆ ಬಿಸಿಲಿಗೆ ಕಾದು, ಮಳೆಗೆ ನೆನೆದು, ಬಿರಿದು ಕಲ್ಲಾಗಿ, ಕಲ್ಲು ಪುಡಿಯಾಗಿ, ಗಿಡದ ಬೇರು, ಹುಳ, ಕೊಳೆತ ಎಲೆ ಎಲ್ಲ ಸೇರಿ ಕೊನೆಗೆ ಮಣ್ಣಾಗುತ್ತದೆ ಎಂದು ಪಾಠ ಮಾಡಿದರು. ಉಳಿದ ಹುಡುಗರು ಬರೆದುಕೊಂಡು ಗೋಲಿ ಆಡಲು ಹೋದರು. ನನಗೆ ಅನ್ನ ಸೇರಲಿಲ್ಲ. ದುರ್ಗ ಎಂದರೆ ಬಂಡೆಗಳೇ ತಾನೇ? ಅವೆಲ್ಲ ಮಣ್ಣಾಗಿಬಿಟ್ಟರೆ ಕೋಟೆ ಎಲ್ಲಿ ನಿಲ್ಲಬೇಕು, ನಾವು ಎಲ್ಲಿಯವರು ಎಂದು ಹೇಳಿಕೊಳ್ಳಬೇಕು? ಭಾನುವಾರ ಕೋಟೆಗೆ ಹೋಗಿ ಒಂದು ಬಂಡೆಯ ಕೆಳಗೆ ಕೂತು ನೋಡಿದೆ. ಈರುಳ್ಳಿ ಸಿಪ್ಪೆಯ ಹಾಗೆ ಅದರ ಮೈಯಿಂದ ಪದರ ಬಿಟ್ಟುಕೊಂಡಿತ್ತು. ಬುಡದಲ್ಲಿ ಉಪ್ಪಿಟ್ಟಿನ ರವೆಯ ಹಾಗೆ ಹರಳು ಹರಳಾದ ಪುಡಿ ಬಿದ್ದಿತ್ತು. ಮೇಷ್ಟ್ರು ಹೇಳಿದ್ದು ನಿಜವೇ! ಸೋಮವಾರ ಬೆಳಿಗ್ಗೆಯೇ ಅವರ ಬಳಿ ಹೋಗಿ, "ಸಾರ್, ಸುರುವಾಗಿಬಿಟ್ಟೈತೆ" ಎಂದೆ. ಅವರು ನನ್ನ ತಲೆ ನೇವರಿಸಿ, "ಏನಪ್ಪ, ಅದು ನಿನ್ನ ಕಾಲಕ್ಕಾಗಲ್ಲ, ನಿನ್ನ ಮರಿಮಕ್ಕಳ ಕಾಲಕ್ಕೂ ಆಗಲ್ಲ. ಹೋಗಿ ಮಗ್ಗಿ ಬರಿ" ಎಂದರು. ಅಷ್ಟು ನಿಧಾನಕ್ಕೆ ಆಗುವ ಮಣ್ಣು ಒಂದೇ ರಾತ್ರಿಗೆ ಬದು ದಾಟಿ ಹೋಗಬಹುದು ಎಂದು ಅವರು ಹೇಳಿರಲಿಲ್ಲ. ಅದು ಮುಂದಿನ ಪಾಠದಲ್ಲಿ ಇತ್ತೋ ಏನೋ. ಆ ದಿನ ನನಗೆ ಜ್ವರವಿದ್ದಿರಬೇಕು.

ಮಣ್ಣಿನ ವಿಷಯಕ್ಕೆ ನನಗೆ ಗೊಂದಲ ತಪ್ಪಿದ್ದೇ ಇಲ್ಲ. ರಜೆಗೆ ಹಿರಿಯೂರು ಕಡೆ ಅತ್ತೆಯ ಊರಿಗೆ ಹೋಗುತ್ತಿದ್ದೆ. ಅಲ್ಲೆಲ್ಲ ಕಪ್ಪು ಎರೆ ಭೂಮಿ. ಮಳೆ ಬಂದರೆ ಸೈಕಲ್ಲಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು, ನಾವು ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಬರಬೇಕು. ಚಪ್ಪಲಿ ಒಂದೊಂದು ಹೆಜ್ಜೆಗೂ ಒಂದೊಂದು ಅಂತಸ್ತು ಏರಿ, ಮನೆ ಮುಟ್ಟುವ ಹೊತ್ತಿಗೆ ನಾನು ಅತ್ತೆಗಿಂತ ಎತ್ತರ ಆಗಿರುತ್ತಿದ್ದೆ. ಬೇಸಿಗೆಯಲ್ಲಿ ಅದೇ ನೆಲ ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತಿತ್ತು. ನನ್ನ ಹೊಸ ಪೆನ್ನು ಅಂಥ ಒಂದು ಬಿರುಕಿನಲ್ಲಿ ಬಿತ್ತು. ಅತ್ತೆ, "ಅತ್ಕಬ್ಯಾಡ. ಎರೆ ನುಂಗಿದ್ದನ್ನ ಇಟ್ಕಣಲ್ಲ, ಎಂದಾದ್ರೂ ಮೇಲಕ್ಕೆ ತರ್ತೈತೆ" ಎಂದಳು. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಆ ಮಣ್ಣು ತನ್ನನ್ನು ತಾನೇ ಉಳುತ್ತದಂತೆ. ರಾತ್ರಿ ಅಂಗಳದಲ್ಲಿ ಮಲಗಿ, ನಮ್ಮ ಕೆಳಗೆ ನೆಲ ಮಗ್ಗುಲು ಬದಲಿಸುತ್ತಿದೆ ಎಂದು ನೆನೆದು ನಿದ್ದೆಗೆಟ್ಟೆ.

ಕಪ್ಪಗಿದೆ ಎಂದರೆ ಗೊಬ್ಬರ ತುಂಬಿದೆ ಎಂದು ಬಹುಕಾಲ ನಂಬಿದ್ದೆ. ನಮ್ಮ ಅಂಗಡಿಗೆ ಮಗಳ ಮದುವೆ ಕಾರ್ಡು ಮಾಡಿಸಲು ಬಂದ ಮಣ್ಣು ಪರೀಕ್ಷೆಯವರೊಬ್ಬರು ಅದೂ ಸುಳ್ಳು ಎಂದರು. ಆ ಬಣ್ಣ ಗೊಬ್ಬರದ್ದಲ್ಲವಂತೆ, ಜೇಡಿಯ ಜಾತಿಯಿಂದ ಬಂದದ್ದಂತೆ. ಹಾಗಾದರೆ ನಮ್ಮ ಕೆಂಪು ಮಣ್ಣು? ಅದು ಕಬ್ಬಿಣದ ತುಕ್ಕಂತೆ. ಅಂದರೆ ನಮ್ಮ ವಂಶದ ಆಸ್ತಿ ಎಂಬುದು ತುಕ್ಕು ಹಿಡಿದ ಬಂಡೆ. "ಹಾಗಾದ್ರೆ ಸಾರ್, ಫಲವತ್ತು ಅನ್ನೋದು ಎಲ್ಲಿರ್ತದೆ?" ಎಂದೆ. ಅವರು ಕಾರ್ಡಿನ ನಮೂನೆಗಳನ್ನು ಬದಿಗೆ ಸರಿಸಿ, ಬರೀ ಪುಡಿಯಾದ ಕಲ್ಲು ಮಣ್ಣಲ್ಲ, ಅದರಲ್ಲಿ ಕೊಳೆತದ್ದು ಇರಬೇಕು, ಕೊಳೆಸುವ ಜೀವಿಗಳಿರಬೇಕು, ಗಾಳಿ ಆಡಬೇಕು, ನೀರು ನಿಲ್ಲಬೇಕು, ಆದರೆ ನಿಂತೇ ಇರಬಾರದು ಎಂದರು. ನೀರು ನಿಲ್ಲಬೇಕು, ಆದರೆ ನಿಲ್ಲಬಾರದು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಹಿಡಿತವಿದೆ.

ಮನೆಯಲ್ಲೂ ಇದೇ ಕಥೆ. ನನ್ನ ಹೆಂಡತಿ ತಾರಸಿಯ ಮೇಲೆ ಕುಂಡಗಳನ್ನಿಟ್ಟಿದ್ದಾಳೆ. ಮದಕರಿಪುರದ ಕಡೆಯಿಂದ ಒಂದು ಚೀಲ ಕೆಂಪು ಮಣ್ಣು ತರಿಸಿ ಅರ್ಧ ಅವಳು ಇಟ್ಟುಕೊಂಡಳು, ಅರ್ಧ ನನಗೆ ಕೊಟ್ಟಳು. ನಾನು ಪುಸ್ತಕ ನೋಡಿ ಮರಳು ಇಷ್ಟು, ಗೊಬ್ಬರ ಇಷ್ಟು ಎಂದು ಅಳೆದು ಹಾಕಿದೆ. ಅವಳು ಟೀ ಚರಟ, ಬಾಳೆಸಿಪ್ಪೆ, ಅಕ್ಕಿ ತೊಳೆದ ನೀರು, ಸಿಟ್ಟು ಬಂದಾಗ ನಿನ್ನೆಯ ಸಾರು, ಕೈಗೆ ಸಿಕ್ಕಿದ್ದೆಲ್ಲ ಸುರಿದಳು. ಅವಳ ದಾಸವಾಳ ಪಕ್ಕದ ಮನೆಯ ಪೂಜೆಗೂ ಆಗುತ್ತದೆ. ನನ್ನ ಗುಲಾಬಿಗಿಡ ಒಂದು ಮುಳ್ಳುಕಡ್ಡಿಯಾಗಿ ನಿಂತು ನನ್ನನ್ನೇ ನೋಡುತ್ತದೆ. "ನೀವು ಅದ್ರ ಮುಂದೆ ನಿಂತು ಯೋಚನೆ ಮಾಡಬ್ಯಾಡ್ರಿ, ಅದಕ್ಕೂ ತಗುಲ್ತೈತೆ" ಎನ್ನುತ್ತಾಳೆ.

ಇಂಥವನನ್ನು ಹುಡುಕಿ ದೊಡ್ಡಪ್ಪ ಫೋನು ಮಾಡಿದ. "ಲೇ ಪ್ರಭು, ಮಣ್ಣು ಪರೀಕ್ಷೆ ಮಾಡಸ್ಬೇಕು ಕಣೋ. ನಿನಗೆ ಅವರ ಗುರ್ತು ಐತಂತಲ್ಲ."

"ಯಾಕೆ ದೊಡ್ಡಪ್ಪ, ಶೇಂಗಾ ಸರಿಯಾಗಿ ಬರ್ತಿಲ್ವಾ?"

"ಅದು ಯಾವತ್ತು ಬಂದೈತೆ? ನಂದೂ ಮಾಡ್ಸು, ಬದುವಿನ ಕೆಳಗಿಂದೂ ಒಂದ್ ಹಿಡಿ ತಗಂಡ್ ಮಾಡ್ಸು. ನನ್ ಹೊಲದ ಸಾರ ಎಷ್ಟು ಕೆಳಗಡಿಕೆ ಹೋಗೈತೆ ಅಂತ ಅವರು ಅಚ್ಚು ಹಾಕಿ ಕೊಡ್ಲಿ. ಆಮ್ಯಾಲೆ ಕೆಳಗಿನ ಹೊಲದೋನಿಗೆ ತೋರ್ಸು."

ಇಷ್ಟು ವರ್ಷ ಬಾಯಲ್ಲಿದ್ದ ಜಗಳಕ್ಕೆ ಈಗ ಸರ್ಕಾರಿ ಮುದ್ರೆ ಬಿದ್ದರೆ? ಬಿಟ್ಟ ಮಾತು ಬಿಟ್ಟೇ ಹೋಗುತ್ತದೆ. ಮಾಡಿಸುವುದಿಲ್ಲ ಎಂದರೆ ದೊಡ್ಡಪ್ಪ ನನ್ನನ್ನೂ ಕೆಳಗಿನ ಹೊಲಕ್ಕೆ ಸೇರಿಸುತ್ತಾನೆ. ಮಾಡಿಸಿದರೆ ಅಪ್ಪ ನನ್ನನ್ನು ಮೇಲಿನ ಹೊಲಕ್ಕೆ ಕಳಿಸುತ್ತಾನೆ. ಆ ವಾರವೆಲ್ಲ ಅಂಗಡಿಯಲ್ಲಿ ಕೂತು ಮಣ್ಣಿನ ಒಡೆತನದ ಬಗ್ಗೆಯೇ ಲೆಕ್ಕ ಹಾಕಿದೆ. ಅಪ್ಪನ ಹೊಲದ ಮಣ್ಣು ದೊಡ್ಡಪ್ಪನದು, ಒಪ್ಪೋಣ. ದೊಡ್ಡಪ್ಪನ ಹೊಲದ್ದು ಎಲ್ಲಿಂದ ಬಂತು? ಮೇಲಿನ ಗುಡ್ಡದಿಂದ. ಗುಡ್ಡ ಸರ್ಕಾರದ್ದು, ಈಗ ಅದರ ನೆತ್ತಿಯ ಮೇಲೆ ಗಾಳಿ ಫ್ಯಾನುಗಳೂ ತಿರುಗುತ್ತಿವೆ. ಅಂದರೆ ಸರ್ಕಾರ ದೊಡ್ಡಪ್ಪನ ಮೇಲೆ ಕೇಸು ಹಾಕಬೇಕು. ಅಪ್ಪನ ಹೊಲದಿಂದ ಹರಿದದ್ದು ಕೆರೆಗೆ ಹೋಗಿ ಗೋಡಾಗಿ ಕೂತಿದೆ. ಅಪ್ಪ ಕೆರೆಯ ಮೇಲೆ ಹಾಕಬೇಕು. ಕೆರೆ ಬತ್ತಿದಾಗ ಊರವರು ಅದೇ ಗೋಡನ್ನು ಟ್ರ್ಯಾಕ್ಟರಿನಲ್ಲಿ ಹೊಡೆದುಕೊಂಡು ಮೇಲಿನ ಹೊಲಗಳಿಗೇ ಚೆಲ್ಲುತ್ತಾರೆ. ಕೆರೆ ಊರಿನ ಮೇಲೆ ಹಾಕಬೇಕು. ಯಾರ ಮಣ್ಣು ಯಾರದು? ಯೋಚಿಸುತ್ತ ಒಂದು ಗೃಹಪ್ರವೇಶದ ಕಾರ್ಡಿನಲ್ಲಿ 'ನೂತನ ಗೃಹ' ಎನ್ನುವುದನ್ನು 'ನೂತನ ಗ್ರಹ' ಎಂದು ಕೂಡಿಸಿಬಿಟ್ಟಿದ್ದೆ. ಸದ್ಯ, ಅಚ್ಚಿಗೆ ಹೋಗುವ ಮುಂಚೆ ಕಣ್ಣಿಗೆ ಬಿತ್ತು.

ಕೊನೆಗೆ ದಾರಿ ಕಾಣದೆ ಹೋಗುವುದೆಂದು ನಿಶ್ಚಯಿಸಿದೆ. ಒಬ್ಬನೇ ಹೋಗಲು ಧೈರ್ಯ ಸಾಲದು. ಎಲ್ಲರಿಗೂ ತಿಳಿಸಿ ಮಾಡಿದರೆ ಬೈಗುಳ ಹಂಚಿಹೋಗುತ್ತದೆ ಎಂಬುದು ನನ್ನ ಸಿದ್ಧಾಂತ. ಅಪ್ಪ ಆಗ ಹೊಳಲ್ಕೆರೆ ಕಡೆ ತಾಳ್ಯದಲ್ಲಿ, ಸರೋಜಕ್ಕನ ಮನೆಯಲ್ಲಿದ್ದ. ಅವನದು ಗುಂಡಿ ಒತ್ತುವ ಹಳೆಯ ಫೋನು, ನೆಂಟರ ವಾಟ್ಸಾಪ್ ಗುಂಪಿನಲ್ಲಿ ಅವನಿಲ್ಲ. ಗುಂಪಿಗೆ ಹಾಕಿದರೆ ಅಕ್ಕ ನೋಡುತ್ತಾಳೆ, ನನಗೆ ಜೊತೆಯಾಗಿ ಬರುತ್ತಾಳೆ. "ನಾಳೆ ಬೆಳಿಗ್ಗೆ ಹತ್ತಕ್ಕೆ ಮಾಡದಕೆರೆಯ ಹೊಲದಲ್ಲಿ ದೊಡ್ಡಪ್ಪನ ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವುದಿದೆ. ಅನುಕೂಲವಿರುವವರು ಬರಬಹುದು" ಎಂದು ಬರೆದೆ. ಓದಿ ನೋಡಿದೆ. ಅಕ್ಕನ ಫೋನಿನಲ್ಲಿ ಅಪ್ಪ ಇಣುಕಿದರೆ? ಪರೀಕ್ಷೆ ಎಂಬ ಮಾತು ಕಂಡರೆ ಉರಿದುಬೀಳುತ್ತಾನೆ. ಪರೀಕ್ಷೆ ತೆಗೆದೆ. ಪರೀಕ್ಷೆ ಹೋದ ಮೇಲೆ ಮಾದರಿ ತೆಗೆಯುವುದು ಅನಾಥವಾಗಿ ಕಂಡಿತು. ಅದನ್ನೂ ತೆಗೆದೆ. ಉಳಿದದ್ದು ಚೊಕ್ಕವಾಗಿತ್ತು: "ನಾಳೆ ಬೆಳಿಗ್ಗೆ ಹತ್ತಕ್ಕೆ ಮಾಡದಕೆರೆಯ ಹೊಲದಲ್ಲಿ ದೊಡ್ಡಪ್ಪನ ಮಣ್ಣು. ಅನುಕೂಲವಿರುವವರು ಬರಬಹುದು." ಣಕ್ಕೆ ಒತ್ತು ಸರಿಯಾಗಿದೆಯೇ ಎಂದು ಕನ್ನಡಕ ಹಾಕಿಕೊಂಡು ಎರಡನೇ ಸಲ ನೋಡಿ ಕಳಿಸಿದೆ.

ಬೆಳಿಗ್ಗೆ ಫೋನು ತೆರೆದರೆ ಗುಂಪಿನ ತುಂಬ ಕೈ ಮುಗಿದ ಚಿತ್ರಗಳು. ಯಾವತ್ತೂ ಮಾತಾಡದ ಹಿರಿಯೂರಿನ ಅತ್ತೆಯ ಮಗ ಕೂಡ ಕೈ ಮುಗಿದಿದ್ದ. ಮಣ್ಣಿನ ಮೇಲೆ ನಮ್ಮವರಿಗೆ ಇಷ್ಟು ಭಕ್ತಿ ಇದೆಯಲ್ಲ ಎಂದು ನಿಜವಾಗಿ ನನ್ನ ಕಣ್ಣು ತುಂಬಿ ಬಂತು.

ಮಾಡದಕೆರೆ ಮುಟ್ಟಿದಾಗ ದೊಡ್ಡಪ್ಪ ಸಲಿಕೆ ಹಿಡಿದುಕೊಂಡು ಹೊಲದಲ್ಲೇ ಕಾಯುತ್ತಿದ್ದ. ಫೋನು ಗುಂಡಿಗೆ ಬಿದ್ದೀತೆಂದು ಕಾರಿನಲ್ಲೇ ಬಿಟ್ಟಿದ್ದೆ. ಮಣ್ಣು ಪರೀಕ್ಷೆಯವರು ಹೇಳಿಕೊಟ್ಟ ಹಾಗೆ ಮೊದಲು ಮೇಲಿನ ಹೊಲದಲ್ಲಿ ಹಾವು ಹರಿದಂತೆ ಅಲ್ಲಲ್ಲಿ ಗುರುತು ಮಾಡಿಕೊಂಡು, ಗೇಣುದ್ದ ಗುಂಡಿ ತೋಡಿ, ಪಕ್ಕದ ಗೋಡೆಯಿಂದ ಮಣ್ಣು ಕೆರೆದು ಒಂದು ಪಂಚೆಯ ಮೇಲೆ ಗುಡ್ಡೆ ಹಾಕಿದೆವು. ಅದನ್ನು ಚೆನ್ನಾಗಿ ಬೆರೆಸಿ, ರೊಟ್ಟಿಯ ಹಾಗೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಬೇಕು. ಉಳಿದದ್ದನ್ನು ಮತ್ತೆ ಬೆರೆಸಬೇಕು, ಮತ್ತೆ ಪಾಲು ಮಾಡಬೇಕು. ಅರ್ಧ ಕೆ.ಜಿ. ಉಳಿಯುವವರೆಗೂ ಇದೇ.

"ಅಲ್ಲ ಕಣೋ, ಪಾಲು ಮಾಡೋದು, ಚೆಲ್ಲೋದು, ಮತ್ತೆ ಬೆರ್ಸೋದು. ಇದನ್ನ ಓದಿ ಕಲ್ತಾರಾ ಅವರು?"

"ಹಂಗೆ ಮಾಡಿದ್ರೆ ಇಡೀ ಹೊಲದ ಗುಣ ಒಂದು ಹಿಡಿಯಾಗೆ ಸಿಗ್ತದಂತೆ ದೊಡ್ಡಪ್ಪ. ನೀನು ಹೇಳು, ಒಳ್ಳೆ ಮಣ್ಣು ಅಂದ್ರೆ ಯಾವುದು?"

"ಹದ ಇರ್ಬೇಕು."

"ಹದ ಅಂದ್ರೆ?"

"ಹದ ಅಂದ್ರೆ ಹದ. ಮುದ್ದೆ ಉಂಡ್ಬೆಳ್ದೋನು ಕೇಳ್ತೀಯಲ್ಲೋ!"

ಮುದ್ದೆ, ದೋಸೆ ಹಿಟ್ಟು, ಕುಡುಗೋಲಿನ ಅಲಗು, ಸೊಸೆಯ ಮಾತು, ಎಲ್ಲಕ್ಕೂ ದೊಡ್ಡಪ್ಪನ ಹತ್ತಿರ ಈ ಒಂದೇ ಪದ. ನಾನು ಮತ್ತೆ ತಲೆಯಾಡಿಸುತ್ತಿದ್ದಾಗ, ದೊಡ್ಡಪ್ಪನ ದೃಷ್ಟಿ ನನ್ನನ್ನು ದಾಟಿ ಕೆಳಗೆ ಹೋಯಿತು. ಅವನ ಮುಖ ಕಪ್ಪಿಟ್ಟಿತು.

ತಿರುಗಿ ನೋಡಿದೆ. ಕೆಳಗಿನ ಹೊಲದ ಅಂಚಿನಲ್ಲಿ ಒಂದು ಬಾಡಿಗೆ ಕಾರು ನಿಂತಿತ್ತು. ಬದುವಿನ ಗುಂಟ ಮುಂದೆ ಅಪ್ಪ, ಹೆಗಲ ಮೇಲಿನ ಟವೆಲನ್ನು ಗಂಟು ಕಟ್ಟಿ ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತ ಬರುತ್ತಿದ್ದ. ಹಿಂದೆ ಸರೋಜಕ್ಕ, ಮಾರುದ್ದದ ಚೆಂಡುಹೂವಿನ ಹಾರ ತೋಳಿಗೆ ಹಾಕಿಕೊಂಡು, ಬಾಯಿಗೆ ಸೆರಗೊತ್ತಿಕೊಂಡು ಅಳುತ್ತಿದ್ದಳು.

"ಯಾರ್ ಹೋದ್ರೋ?" ಎಂದ ದೊಡ್ಡಪ್ಪ. ಅವನ ಕೈಯಿಂದ ಸಲಿಕೆ ಜಾರಿತು. "ಹಾರ ತಂದಾರೆ. ನನಗೆ ಹೇಳಾಕೆ ಬರ್ತಾವ್ರೆ. ಯಾರೋ ನಮ್ಮೋರೇ ಹೋಗ್ಯಾರೆ ಕಣೋ ಪ್ರಭು!"

"ನನಗೆ ಗೊತ್ತಿಲ್ಲ ದೊಡ್ಡಪ್ಪ" ಎಂದೆ. ನನ್ನ ಹೆಂಡತಿ, ಭಾವ, ಅತ್ತೆ, ಎಲ್ಲರ ಮುಖಗಳೂ ಒಂದರ ಹಿಂದೊಂದು ಬಂದು ಹೋದವು. ಅವರ ಮಣ್ಣಿಗೆ ಬಟ್ಟೆ ಬದಲಿಸಿಕೊಂಡು ಹೋಗಲು ಸಮಯ ಸಿಗುತ್ತದೋ ಇಲ್ಲವೋ ಎಂಬಲ್ಲಿಗೂ ನನ್ನ ಚಿಂತೆ ಮುಟ್ಟಿತ್ತು. ಆಗಲೂ ಹೊಳೆಯಲಿಲ್ಲ, ನೋಡಿ.

ಅಪ್ಪ ಬದು ಹತ್ತಿ ತಲೆ ಎತ್ತಿದ. ಎದುರಿಗೆ ದೊಡ್ಡಪ್ಪ ನಿಂತಿದ್ದ. ಅಪ್ಪ ಅಲ್ಲೇ ನಿಂತ. ಅಕ್ಕನ ಅಳು ಅರ್ಧಕ್ಕೆ ನಿಂತು ಬಿಕ್ಕಳಿಕೆಯಾಯಿತು.

"ದೊಡ್ಡಪ್ಪಾ! ನೀನು ನಿಂತೀಯ!"

"ನಿಂತ್ಕಳ್ದೆ ಮತ್ತೇನವ್ವ, ಮಲ್ಕಬೇಕಾ? ಯಾರ್ ಹೋದ್ರು ಹೇಳು ಮೊದ್ಲು!"

"ನೀನೇ!" ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿದಳು. "ಲೋ, ದೊಡ್ಡಪ್ಪನ ಮಣ್ಣು ಅಂತ ಬರ್ದೋನು ನೀನಲ್ಲೇನೋ? ದಾರಿಗುಂಟ ಫೋನ್ ಮಾಡ್ದೆ, ಎತ್ತಲಿಲ್ಲ. ಅಳ್ತಾ ಗುಂಡಿ ತೋಡ್ತಾ ಅವ್ನೆ ಅಂದ್ಕಂಡೆ!"

ಗುಂಡಿಯನ್ನೇನೋ ತೋಡುತ್ತಿದ್ದೆ. ಪಂಚೆಯ ಮೇಲಿನ ಗುಡ್ಡೆ ತೋರಿಸಿ, ಇದು ಆ ಮಣ್ಣಲ್ಲ, ಈ ಮಣ್ಣು, ಪರೀಕ್ಷೆಯ ಮಣ್ಣು ಎಂದು ತೊದಲಿದೆ. ಅದು ಯಾಕೆ, ಯಾರಿಗೆ ತೋರಿಸಲಿಕ್ಕೆ ಎಂಬುದನ್ನು ಮಾತ್ರ ನುಂಗಿದೆ. ದೊಡ್ಡಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತನ್ನ ಎದೆಯನ್ನು ತಾನೇ ಒಮ್ಮೆ ಮುಟ್ಟಿ ನೋಡಿಕೊಂಡು, ಬದುವಿನ ಮೇಲೆ ಕುಕ್ಕರಿಸಿದ. ಅಪ್ಪ ನಿಂತೇ ಇದ್ದ. ಇಬ್ಬರ ನಡುವೆ ಒಂದು ಮಾರು ದೂರ.

"ಚೆನ್ನಾಗೈದಾನಾ ಅಂತ ಕೇಳು" ಎಂದ ಅಪ್ಪ, ನನಗೆ.

"ಚೆನ್ನಾಗೈದೀನಿ ಅಂತ ಹೇಳು" ಎಂದ ದೊಡ್ಡಪ್ಪ, ನನಗೆ.

ಇಬ್ಬರಿಗೂ ಕೇಳಿಸಿದೆ ಎಂದು ಗೊತ್ತಿದ್ದರೂ ಅಭ್ಯಾಸಬಲದಿಂದ ಎರಡನ್ನೂ ಸಾಗಿಸಿದೆ.

"ಆ ಗಂಟಿನಾಗೆ ಏನೈತೆ ಕೇಳು" ಎಂದ ದೊಡ್ಡಪ್ಪ.

ಅಪ್ಪ ಗಂಟನ್ನು ಬೆನ್ನ ಹಿಂದಕ್ಕೆ ಸರಿಸಿದ, ಮಾವಿನಕಾಯಿ ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ. ಅಕ್ಕನೇ ಹೇಳಿದಳು.

"ಮಣ್ಣು ದೊಡ್ಡಪ್ಪ. ಕೆಳಗಿನ ಹೊಲದತ್ರ ಕಾರ್ ನಿಲ್ಸು ಅಂದ. ಮೊಣಕಾಲೂರಿ ಕುಂತು ಕೈಯಾಗೇ ಕೆದರಿ ತುಂ‌ಬ್ಕಂಡ. ಯಾಕಪ್ಪ ಅಂದ್ರೆ, ಅವಂದು ಅವನಿಗೇ ಹಾಕ್ಬಿಡಾಣ, ಇನ್ನು ನನಗ್ಯಾಕೆ ಅಂದ. ಅಲ್ಲಿಂದ ಯಾರ ಕೈಗೂ ಕೊಡ್ದೆ ತಾನೇ ಹಿಡ್ಕಂಡ್ ಬಂದ."

ಗುಡ್ಡದ ಮೇಲಿನ ಫ್ಯಾನುಗಳು ತಿರುಗುವ ಸದ್ದು ಆಗ ನನಗೆ ಕೇಳಿಸಿತು. ಅಲ್ಲಿಯವರೆಗೂ ಅವು ತಿರುಗುತ್ತಲೇ ಇದ್ದಿರಬೇಕು. ಅಕ್ಕ ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ಮೆಲ್ಲಗೆ ನನ್ನ ಕಾರಿನ ಕಡೆ ಹೋದಳು. ನನಗೂ ಹೋಗಬೇಕೆನಿಸಿತು. ಆದರೆ ನಾನು ಹೋದರೆ ಇವರ ಮಾತು ಸಾಗಿಸುವವರು ಯಾರು?

ದೊಡ್ಡಪ್ಪ ಕೈ ಚಾಚಿದ. ಅಪ್ಪ ಗಂಟು ಕೊಟ್ಟ. ದೊಡ್ಡಪ್ಪ ತೊಡೆಯ ಮೇಲೆ ಬಿಚ್ಚಿ, ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, ಮೂಸಿ, ನಾಲಿಗೆಯ ತುದಿಗೆ ಇಟ್ಟುಕೊಂಡ. ನಮ್ಮ ಕೆಂಪಿಗಿಂತ ಗಾಢವಾಗಿ, ಹುರಿದ ರಾಗಿಯ ಬಣ್ಣಕ್ಕೆ ತಿರುಗಿದ್ದ ಮಣ್ಣು. ಬಹಳ ಹೊತ್ತು ನೋಡಿದ. ಅಳುತ್ತಾನೇನೋ ಎಂದು ನಾನು ಕರವಸ್ತ್ರ ಹುಡುಕಿದೆ.

"ಇಷ್ಟೇನೇನೋ ತಂದಿದ್ದು?" ಎಂದ ದೊಡ್ಡಪ್ಪ. ಮುಖ ಎತ್ತಿ ನೇರ ಅಪ್ಪನನ್ನೇ ಕೇಳಿದ. ನಾನು ಅಭ್ಯಾಸದಂತೆ ಬಾಯಿ ತೆರೆದವನು ಹಾಗೇ ಮುಚ್ಚಿದೆ.

"ಒಬ್ಬನ ಮ್ಯಾಲೆ ಹಾಕಾಕೆ ಎಷ್ಟು ಬೇಕು?" ಎಂದ ಅಪ್ಪ.

"ಹೊಲಕ್ಕಾದ್ರೆ ಸಾಲಲ್ಲ."

"ಹೊಲಕ್ಕೆ ಅಂತ ಯಾರ್ ತಂದ್ರು? ನೀನು ಸತ್ತಿದೀಯ ಅಂತ ತಂದಿದ್ದು."

"ಸತ್ರೂ ಗಂಟು ಕಟ್ಟಿ ಅಳೆದು ಕೊಡ್ತೀಯಲ್ಲೋ ಸಿದ್ದಾ! ಒಂದು ಟ್ರ್ಯಾಕ್ಟರ್ ಲೋಡ್ ತರಾಕಾಗ್ಲಿಲ್ವಾ?"

"ಟ್ರ್ಯಾಕ್ಟರ್ ತರ್ತೀನಿ. ನೀನು ಮೊದ್ಲು ಬದು ಹಾಕು. ತಂದು ಸುರ್ದ್ರೆ ಮುಂದಿನ ಮಳೆಗೆ ಮತ್ತೆ ನನ್ ಮನೆಗೇ ಬರ್ತೈತೆ, ಮತ್ತೆ ನನ್ನನ್ನೇ ಕಳ್ಳ ಅಂತೀಯ."

"ಬದು ನಾನೊಬ್ನೇ ಹಾಕ್ಬೇಕಾ? ಬದುವಿಗೆ ಎರಡು ಮಗ್ಗಲು ಇಲ್ವಾ?"

ಜಗಳವೇ. ಆದರೆ ಎಷ್ಟು ಕಾಲದ ಮೇಲೆ ಮುಖಕ್ಕೆ ಮುಖ ಕೊಟ್ಟು ಆಡಿದ ಜಗಳ! ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ನಡುವೆ ನನ್ನ ಮದುವೆ, ನನ್ನ ಮಕ್ಕಳ ಮದುವೆ ವಯಸ್ಸು, ಏನೂ ಆಗೇ ಇಲ್ಲ ಎಂಬಂತೆ ಮುಂದುವರಿದಿತ್ತು. ದೊಡ್ಡಪ್ಪ ಮಾತಿನ ಭರದಲ್ಲಿ ಎದ್ದು ನಿಂತು, ಟವೆಲ್ಲಿನ ಮಣ್ಣನ್ನು ನನ್ನ ಪಂಚೆಯ ಮೇಲಿದ್ದ ಗುಡ್ಡೆಯ ಮೇಲೆಯೇ ಕೊಡವಿಬಿಟ್ಟ.

"ದೊಡ್ಡಪ್ಪ! ಮಾದರಿ ಕೆಟ್ಟೋಯ್ತು! ಇದು ಮೇಲಿನದು, ಅದು ಕೆಳಗಿನದು, ಬೇರೆ ಬೇರೆ ಇರ್ಬೇಕಿತ್ತು" ಎಂದೆ.

ಯಾರೂ ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಊರ ಕಡೆಯಿಂದ ದೊಡ್ಡಪ್ಪನ ಸೊಸೆ ಗಿರಿಜತ್ತಿಗೆ ಕೂಗಿದಳು. ಮನೆಯ ಮುಂದೆ ಹಿರಿಯೂರಿನವರು, ಹೊಸದುರ್ಗದವರು, ಯಾರ್ಯಾರೋ ಹಾರ ಹಿಡಿದು ಇಳಿದಿದ್ದಾರಂತೆ. ಹೆಣ ಎಲ್ಲಿ ಎಂದವರಿಗೆ, ಹೊಲದಲ್ಲಿ ಗೇಯುತ್ತಿದೆ, ಕುಂತ್ಕಳ್ರಿ, ಉಣ್ಣಾಕೆ ಬರ್ತದೆ ಎಂದಳಂತೆ. ಮತ್ತೆ ಎಸರಿಟ್ಟಾಗಿದೆಯಂತೆ.

"ನಡಿ, ಹೋಗಾಣ. ಜನ ಕಾಯ್ತಾರೆ" ಎಂದ ದೊಡ್ಡಪ್ಪ.

"ನಿನ್ ಮಣ್ಣಿಗೆ ನೀನೇ ಲೇಟು" ಎಂದ ಅಪ್ಪ.

ಇಬ್ಬರೂ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು, ಬದುವಿನ ಎತ್ತರ ಎಷ್ಟಿರಬೇಕೆಂದು ವಾದಿಸುತ್ತ ಹೊರಟರು. ನಾನು ಪಂಚೆಯ ನಾಲ್ಕು ಚುಂಗು ಹಿಡಿದು ಎತ್ತಿದೆ. ಕೆಂಪೂ ಕಂದೂ ಬೆರೆತು ಹೋಗಿತ್ತು. ಇದನ್ನು ಪರೀಕ್ಷೆಗೆ ಕೊಡುವಂತಿಲ್ಲ. ಹಾಗಾದರೆ ಚೆಲ್ಲುವುದೆಲ್ಲಿ? ಮೇಲಿನ ಹೊಲಕ್ಕೆ ಸುರಿದರೆ ಅಪ್ಪ ತಂದದ್ದನ್ನು ದೊಡ್ಡಪ್ಪನಿಗೆ ಕೊಟ್ಟಂತೆ; ಅಪ್ಪನಿಗೆ ಈಗ ಅದು ಇಷ್ಟವೋ ಏನೋ, ಮನುಷ್ಯ ಬದುಕಿದ್ದಾನಲ್ಲ. ಕೆಳಗೆ ಸುರಿದರೆ ದೊಡ್ಡಪ್ಪನ ಮಣ್ಣು ಇನ್ನೊಂದು ಪಂಚೆಯಷ್ಟು ಕೆಳಗೆ ಹೋಯಿತು ಎಂಬ ಹೊಸ ಕೇಸು. ಬಹಳ ಯೋಚಿಸಿ, ಇಬ್ಬರಿಗೂ ಸೇರದ ಜಾಗವೆಂದು ಬದುವಿನ ನೆತ್ತಿಯ ಮೇಲೇ ಸುರಿದೆ. ಜನ್ಮದಲ್ಲಿ ಮೊದಲ ಸಲ ನ್ಯಾಯವಾಗಿ ನಡೆದುಕೊಂಡೆ ಎನಿಸಿತು.

ನಾಲ್ಕು ಹೆಜ್ಜೆ ಹೋದ ಮೇಲೆ ಹೊಳೆಯಿತು: ಮಳೆ ಬಂದರೆ ಇದೆಲ್ಲ ಕೆಳಗಿನ ಹೊಲಕ್ಕೇ ಇಳಿಯುತ್ತದೆ. ಓಡಿ ಹಿಂದಿರುಗಿ, ಮಂಡಿಯೂರಿ, ಎರಡೂ ಕೈಯಿಂದ ಬಳಿದು ಮೇಲಿನ ಕಡೆ ಹಾಕತೊಡಗಿದೆ. ಬದುವಿನದೇ ಮಣ್ಣು ಯಾವುದು, ಸುರಿದದ್ದು ಯಾವುದು ಎಂದು ಆಗಲೇ ತಿಳಿಯದಂತಾಗಿತ್ತು. ಜಾಸ್ತಿ ಬಳಿದೆನೋ, ಕಮ್ಮಿ ಬಳಿದೆನೋ ಎಂದು ಸ್ವಲ್ಪ ಕೆಳಗೂ ಹಾಕಿದೆ.

ದೂರದಲ್ಲಿ ಇಬ್ಬರೂ ನಿಂತು ತಿರುಗಿ ನೋಡುತ್ತಿದ್ದರು.

"ಏನ್ ಮಾಡ್ತಾನೋ ಅವನು ಅಲ್ಲಿ?" ಎಂದ ದೊಡ್ಡಪ್ಪ.

"ಯಾರಿಗ್ಗೊತ್ತಣ್ಣ" ಎಂದ ಅಪ್ಪ. "ಹುಟ್ಟಿದಾಗಿಂದ್ಲೂ ಹಂಗೇ."